ಕಥೆ ನಮ್ಮದು, ಕಂಪನಿ ಯಾರದು?

2025ರ ರಾಜ್ಯ ಬಜೆಟ್‌ನಲ್ಲಿ ಸಿನಿಮಾ ಬಗ್ಗೆ ಮೂರು ಮುಖ್ಯ ಘೋಷಣೆಗಳಿದ್ದವು. ಟಿಕೆಟ್ ದರಕ್ಕೆ ₹200 ಮಿತಿ, ಸರ್ಕಾರದ್ದೇ ಒಟಿಟಿ ವೇದಿಕೆ ಮತ್ತು ಮೈಸೂರಿನಲ್ಲಿ 150 ಎಕರೆಯ ಚಿತ್ರನಗರಿ. ಚರ್ಚೆಯಾಗಿದ್ದು ಹೆಚ್ಚಾಗಿ ಟಿಕೆಟ್ ದರ ಮಾತ್ರ. ಸೆಪ್ಟೆಂಬರ್‌ನಲ್ಲಿ ನಿಯಮ ಬಂತು, ಅದೇ ತಿಂಗಳು ಹೈಕೋರ್ಟ್ ತಡೆಯೂ ಬಂತು. ಆದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮ್ಮಂಥವರ ಪ್ರಶ್ನೆ ಟಿಕೆಟ್‌ಗೆ ಎಷ್ಟು ಎಂಬುದಲ್ಲ. ಆ ತೆರೆಯ ಮೇಲೆ ನಾವು ಎಲ್ಲಿದ್ದೇವೆ ಎಂಬುದು.

ಈ ಪ್ರಶ್ನೆಯ ಬೆನ್ನು ಹತ್ತಿದಾಗ ನನಗೆ ದಾರಿ ತೋರಿಸಿದ್ದು ಮುಂಬೈಯೂ ಅಲ್ಲ, ಹೈದರಾಬಾದೂ ಅಲ್ಲ. ಆಫ್ರಿಕಾ ಮೂಲದವರು ಅಮೆರಿಕದಲ್ಲಿ ಕಟ್ಟಿಕೊಂಡ ಎರಡು ಸ್ವತಂತ್ರ ಚಿತ್ರಸಂಸ್ಥೆಗಳು.

ಮೊದಲನೆಯದು ಹೈಲೆ ಗೆರಿಮಾ ಅವರದು. ಇಥಿಯೋಪಿಯಾದಲ್ಲಿ ಹುಟ್ಟಿ, 1960ರ ದಶಕದಲ್ಲಿ ಅಮೆರಿಕಕ್ಕೆ ಓದಲು ಹೋದವರು. ಗುಲಾಮಗಿರಿಯ ಕಥೆ ಹೇಳುವ ಅವರ ‘ಸಂಕೋಫಾ’ 1993ರಲ್ಲಿ ಬರ್ಲಿನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗಕ್ಕೆ ಆಯ್ಕೆಯಾಗಿತ್ತು. ಆದರೂ ಅಮೆರಿಕದ ದೊಡ್ಡ ವಿತರಕರು ಅದನ್ನು ಕೊಳ್ಳಲಿಲ್ಲ. ಗೆರಿಮಾ ತಮ್ಮ ‘ಮೈಫೆದು ಫಿಲ್ಮ್ಸ್’ ಮೂಲಕ ತಾವೇ ವಿತರಣೆಗೆ ಇಳಿದರು. ಒಂದೊಂದೇ ನಗರದಲ್ಲಿ ಚಿತ್ರಮಂದಿರ ಬಾಡಿಗೆಗೆ ಹಿಡಿದು, ಅಲ್ಲಿನ ಕಪ್ಪು ಸಮುದಾಯದ ಜನರನ್ನು ಜೊತೆಗೆ ಸೇರಿಸಿಕೊಂಡು ಸಿನಿಮಾ ತೋರಿಸಿದರು. ಜನ ಬಂದರು, ಸಿನಿಮಾ ತಿಂಗಳುಗಟ್ಟಲೆ ಓಡಿತು.

ಎರಡನೆಯದು ಏವಾ ಡುವರ್ನೆ ಅವರ ‘ಅರೇ’. ಸಿನಿಮಾ ಪ್ರಚಾರದ ಕೆಲಸ ಮಾಡುತ್ತಿದ್ದ ಅವರು ಮನೆ ಕೊಳ್ಳಲು ಕೂಡಿಟ್ಟಿದ್ದ 50,000 ಡಾಲರ್ ಹಾಕಿ ತಮ್ಮ ಮೊದಲ ಕಥಾಚಿತ್ರ ‘ಐ ವಿಲ್ ಫಾಲೋ’ ಮಾಡಿದರು. ಅದನ್ನು ತೆರೆಗೆ ತರಲು 2010ರಲ್ಲಿ ಸಣ್ಣದೊಂದು ವಿತರಣಾ ಸಂಸ್ಥೆಯನ್ನೂ ಹುಟ್ಟುಹಾಕಿದರು. ಅದೇ ಮುಂದೆ ‘ಅರೇ’ ಆಯಿತು. 2021ರಲ್ಲಿ ಗೆರಿಮಾ ಅವರ ‘ಸಂಕೋಫಾ’ವನ್ನು ಹೊಸದಾಗಿ ಸಂಸ್ಕರಿಸಿ ನೆಟ್‌ಫ್ಲಿಕ್ಸ್‌ಗೆ ತಂದಿದ್ದು ಇದೇ ಸಂಸ್ಥೆ. ಸುಮಾರು ಮೂರು ದಶಕದ ಹಿಂದೆ ಯಾರೂ ಕೊಳ್ಳದ ಸಿನಿಮಾ ಆಗ ಮೊಬೈಲ್‌ಗಳಿಗೂ ಬಂತು.

ಆಫ್ರಿಕಾ ಎಲ್ಲಿ, ಕಲಬುರಗಿ ಎಲ್ಲಿ ಎಂದು ಕೇಳಬಹುದು. ದೂರವೇನೂ ಇಲ್ಲ. 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ಸುಲ್ತಾನರ ಆಸ್ಥಾನದಲ್ಲಿ, ಆಮೇಲೆ ವಿಜಯಪುರದ ಆದಿಲಶಾಹಿಗಳಲ್ಲಿ ಹಬಶಿಗಳು ಸೈನಿಕರಾಗಿದ್ದರು, ಸರದಾರರಾಗಿದ್ದರು. ಹಬಶಿ ಎಂದರೆ ಇಂದಿನ ಇಥಿಯೋಪಿಯಾ ಕಡೆಯವರು. ಆ ನೆಲದಿಂದ ಗುಲಾಮನಾಗಿ ಮಾರಾಟವಾಗಿ ದಖನ್ನಿಗೆ ಬಂದ ಮಲಿಕ್ ಅಂಬರ್ ಅಹಮದ್‌ನಗರದ ಪೇಶ್ವೆಯಾಗಿ ಮೊಘಲರನ್ನು ಎದುರಿಸಿ ನಿಂತ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಆತ ಒಂದು ಅಂಕದ ಪ್ರಶ್ನೆ. ಆತನ ಬದುಕಿನಲ್ಲಿ ಒಂದು ದೊಡ್ಡ ಸಿನಿಮಾಕ್ಕೆ ಬೇಕಾದ್ದೆಲ್ಲ ಇದೆ.

ಇಂದು ನಮ್ಮ ರಾಜ್ಯದ ಆಫ್ರಿಕನ್ ಮೂಲದವರೆಂದರೆ ಉತ್ತರ ಕನ್ನಡ ಮತ್ತು ಅಕ್ಕಪಕ್ಕದ ಜಿಲ್ಲೆಗಳ ಸಿದ್ದಿಗಳು. ಅವರಲ್ಲಿ ಅನೇಕರ ಪೂರ್ವಜರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದಿದ್ದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅವರಲ್ಲಿ ಕಲೆಗೆ ಕೊರತೆ ಇಲ್ಲ. 1980ರ ದಶಕದಲ್ಲೇ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯ ಸಿದ್ದಿಗಳು ನೀನಾಸಂ ಒಡನಾಟದಲ್ಲಿ ಚಿನುವಾ ಅಚಿಬೆಯ ಕಾದಂಬರಿಯನ್ನು ಕನ್ನಡ ರಂಗಕ್ಕೆ ತಂದರು. ಪ್ರಶಾಂತ್ ಸಿದ್ದಿ ಸಿನಿಮಾ ನಟರಾಗಿ ಪರಿಚಿತರು. 2021ರ ‘ಸಲಗ’ ಚಿತ್ರದಲ್ಲಿ ಸಿದ್ದಿ ಗಾಯಕಿಯರ ಹಾಡಿಗೆ ರಾಜ್ಯವೇ ಕುಣಿಯಿತು. 2024ರಲ್ಲಿ ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ‘ರಿದಮ್ ಆಫ್ ದಮ್ಮಾಮ್’ ಪ್ರದರ್ಶನವಾಯಿತು. ಸಿದ್ದಿಗಳೇ ನಟಿಸಿದ, ಅವರ ಕೊಂಕಣಿ ಮಾತನ್ನೇ ಆಡುವ ಕಥಾಚಿತ್ರ ಅದು.

ಅದರ ನಿರ್ದೇಶಕ ಜಯನ್ ಚೆರಿಯನ್ ಕೇರಳ ಮೂಲದವರು. ಹೊರಗಿನವರು ಪ್ರೀತಿಯಿಂದ ಮಾಡಿದ ಸಿನಿಮಾ ಕಡಿಮೆಯದಲ್ಲ. ಆದರೆ ಹಾಡು, ಮೈಕಟ್ಟು, ಮುಖ ಒಂದು ಸಮುದಾಯದ್ದಾಗಿದ್ದು, ಯಾವ ಕಥೆ ಹೇಳಬೇಕು ಎಂಬ ತೀರ್ಮಾನ ಬೇರೆಯವರದ್ದಾದರೆ ಆ ಸಮುದಾಯಕ್ಕೆ ಒಂದು ಹಾಡಿನಷ್ಟೇ ಜಾಗ ಸಿಗುತ್ತದೆ. ಗೆರಿಮಾ ಮತ್ತು ಡುವರ್ನೆ ಬದಲಿಸಿದ್ದು ಈ ತೀರ್ಮಾನ ಮಾಡುವವರನ್ನು.

ಈಗ ನಮ್ಮ ಕಡೆ ಬರೋಣ. ಕಲಬುರಗಿ ಸೀಮೆಯ ಮಾತು ಸಿನಿಮಾದಲ್ಲಿ ಕೇಳಿಸುವುದು ಬಹುತೇಕ ಹಾಸ್ಯನಟನ ಬಾಯಲ್ಲಿ, ಇಲ್ಲವೇ ಖಳನ ಕಡೆಯವರ ಬಾಯಲ್ಲಿ. ಇದು ಬರೀ ಅಭಿಮಾನದ ವಿಷಯವಲ್ಲ. ಬೆಂಗಳೂರಿನಲ್ಲಿ ನಾನು ಹಾಜರಾದ ಒಂದು ಸಂದರ್ಶನದಲ್ಲಿ ನನ್ನ ‘ಹೌದ್ರಿ, ಮಾಡ್ತೀನ್ರಿ’ ಕೇಳಿ ಮೇಜಿನ ಆಚೆ ಕೂತಿದ್ದವರು ನಕ್ಕರು. ಕೆಟ್ಟವರೇನಲ್ಲ. ಆ ಮಾತು ಕೇಳಿದರೆ ನಗಬೇಕು ಎಂದು ಸಿನಿಮಾ ಅವರಿಗೆ ಕಲಿಸಿತ್ತು. ಕೆಲಸ ಹುಡುಕುವವರಿಗೆ ಇದರ ಬೆಲೆ ಗೊತ್ತು.

ಇನ್ನು ಗುಳೆ. ತೊಗರಿ ಕೈಕೊಟ್ಟ ವರ್ಷ, ಭೀಮೆ ಹೊಲ ನುಂಗಿದ ವರ್ಷ ನಮ್ಮ ಮೂರೂ ತಾಲ್ಲೂಕುಗಳಿಂದ ಜನ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಹೊರಡುತ್ತಾರೆ. ಅಲ್ಲಿನ ಕಟ್ಟಡಗಳಲ್ಲಿ ನಮ್ಮವರ ಬೆವರಿದೆ, ಅಲ್ಲಿನ ಶೆಡ್‌ಗಳಲ್ಲಿ ನಮ್ಮ ಮಕ್ಕಳು ಬೆಳೆಯುತ್ತಿದ್ದಾರೆ. ಊರು ಬಿಟ್ಟವರ ಕಥೆ ಆಫ್ರಿಕಾದವರಿಗೆ ಮಾತ್ರ ಇರುವುದಲ್ಲ, ನಮ್ಮ ಮನೆಮನೆಯಲ್ಲೂ ಇದೆ.

ಹೇಳಿದರೆ ಕೇಳುವವರಿದ್ದಾರೆ ಎಂಬುದಕ್ಕೆ ಕಲ್ಯಾಣ ಕರ್ನಾಟಕದಲ್ಲೇ ಸಾಕ್ಷಿ ಇದೆ. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಊರಿನ ಜನರನ್ನೇ ಇಟ್ಟುಕೊಂಡು ತೆಗೆದ ಚಿತ್ರ. ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ದುಡ್ಡು ಹಾಕುವ ಬಡ ಹೆಂಗಸಿನ ಕಥೆ. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಅದಕ್ಕೆ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಬಂತು. ಉತ್ಸವ್ ಗೋನವಾರ ಅವರ ‘ಫೋಟೋ’ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ರಾಯಚೂರು ಸೀಮೆಯ ತಮ್ಮ ಊರಿಗೆ ನಡೆದು ಹೊರಟ ಅಪ್ಪ–ಮಗನ ಕಥೆ. ಎರಡರಲ್ಲೂ ನಮ್ಮ ಕಡೆಯ ಮಾತು ನಗಿಸಲು ಬಂದಿಲ್ಲ, ಬದುಕಲು ಬಂದಿದೆ. ಆದರೆ ‘ಶಿವಮ್ಮ’ನಿಗೆ ರಿಷಬ್ ಶೆಟ್ಟಿ, ‘ಫೋಟೋ’ಗೆ ಪ್ರಕಾಶ್ ರಾಜ್ ಬೆನ್ನಿಗೆ ನಿಂತರು ಎಂಬುದನ್ನೂ ಗಮನಿಸಬೇಕು. ಪ್ರತಿ ಸಲ ಒಬ್ಬ ದೊಡ್ಡವರು ಸಿಗುವುದಿಲ್ಲ.

ಹಾಗಾಗಿ ನಮಗೆ ಬೇಕಿರುವುದು ನಮ್ಮದೇ ಸಣ್ಣ ಕಂಪನಿಗಳು. ನಾಲ್ಕೈದು ಗೆಳೆಯರು ಸೇರಿ ಪಾಲುದಾರಿಕೆ ಸಂಸ್ಥೆ ನೋಂದಾಯಿಸಬಹುದು. ಕ್ಯಾಮೆರಾ ಹಿಡಿಯುವವನಷ್ಟೇ ಸಾಲದು. ಧ್ವನಿ ಮುದ್ರಿಸುವವರು, ಸಂಕಲನ ಮಾಡುವವರು, ಸಬ್‌ಟೈಟಲ್ ಬರೆಯುವವರು, ಲೆಕ್ಕ ಇಡುವವರು ಬೇಕು. ಬಿ.ಎ., ಬಿ.ಕಾಂ., ಬಿ.ಸಿ.ಎ. ಓದಿದವರಿಗೆಲ್ಲ ಇಲ್ಲಿ ಕೆಲಸವಿದೆ. ಹತ್ತು ನಿಮಿಷದ ಕಿರುಚಿತ್ರದಿಂದ ಶುರುಮಾಡಿ, ಗೆರಿಮಾ ಮಾಡಿದಂತೆ ಕಾಲೇಜು ಸಭಾಂಗಣ, ಜಾತ್ರೆ ಬಯಲಿನಲ್ಲೇ ತೋರಿಸಬಹುದು. 2013ರ ‘ಲೂಸಿಯಾ’ಕ್ಕಾಗಿ ಪವನ್ ಕುಮಾರ್ ನೂರಕ್ಕೂ ಹೆಚ್ಚು ಜನರಿಂದ ಸುಮಾರು ₹50 ಲಕ್ಷ ಕೂಡಿಸಿದ್ದರು. ಪುಣೆ, ಮುಂಬೈಯಲ್ಲಿರುವ ನಮ್ಮವರೂ ಕೈಜೋಡಿಸಿಯಾರು.

ಇದು ನಾಳೆಯೇ ಸಂಬಳ ಕೊಡುವ ದಾರಿ ಎಂದು ನಾನು ಹೇಳುವುದಿಲ್ಲ. ಗೆರಿಮಾ ಹಾರ್ವರ್ಡ್ ಅಲ್ಲ, ಕಪ್ಪು ವಿದ್ಯಾರ್ಥಿಗಳಿಗಾಗಿಯೇ ಹೆಸರಾದ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಲೇ ಸಿನಿಮಾ ತೆಗೆದರು. ಡುವರ್ನೆ ಪ್ರಚಾರದ ಕೆಲಸ ಬಿಡದೆ ಮೊದಲ ಚಿತ್ರ ಮಾಡಿದರು. ನಾನೂ ಎಫ್‌ಡಿಎ ಪರೀಕ್ಷೆಯ ಪುಸ್ತಕ ಮುಚ್ಚಿಟ್ಟಿಲ್ಲ.

ಸರ್ಕಾರದ ಪಾಲೂ ಇದೆ. ಆಳಂದದವರಿಗೆ ಮೈಸೂರಿನ ಚಿತ್ರನಗರಿಗಿಂತ ಸೊಲ್ಲಾಪುರ ಬಹಳ ಹತ್ತಿರ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ ₹5,000 ಕೋಟಿ ಘೋಷಣೆಯಾಗುತ್ತಿದೆ. ಅದರಲ್ಲಿ ಒಂದು ಚೂರು ಹಣದಿಂದ ಕಲಬುರಗಿಯಲ್ಲಿ ಬಾಡಿಗೆಗೆ ಸಿಗುವ ಸಂಕಲನ ಕೊಠಡಿ, ಧ್ವನಿ ಕೊಠಡಿ ಮಾಡಲು ಸಾಧ್ಯ. ಘೋಷಿಸಿದ ಒಟಿಟಿಯಲ್ಲಿ ಜಿಲ್ಲೆಗಳ ಸಣ್ಣ ಚಿತ್ರಗಳಿಗೆ ಖಾಯಂ ಜಾಗ ಇಡಬೇಕು. ಟಿಕೆಟ್ ₹200 ಇರಲಿ, ₹500 ಇರಲಿ, ನಮ್ಮ ಕಥೆಯೇ ಇಲ್ಲದ ತೆರೆಗೆ ನಾವು ಕೊಡುವ ಪ್ರತಿ ರೂಪಾಯಿಯೂ ದುಬಾರಿಯೇ.