ಹಾಜರಿ ಕರೆಯದ ಹೆಸರುಗಳು

ಹತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದ ಹುಡುಗನೊಬ್ಬ (ಹುಡುಗನೇನು, ಅವನಿಗೂ ನಲವತ್ತು ದಾಟಿತು) ಪ್ರತಿ ಶುಕ್ರವಾರ ನನ್ನ ಮೊಬೈಲಿಗೆ ಹೊಸ ಆಲ್ಬಂಗಳನ್ನು ಕಳುಹಿಸುತ್ತಾನೆ. ಫಂಕ್, ಫ್ರೀ ಜಾಝ್, ಡಬ್ ರೆಗೆ. ಅಮೆರಿಕದಲ್ಲಿ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ ಅಳಿಯಂದಿರ ಕಪಾಟಿನ ರೆಕಾರ್ಡುಗಳಿಂದ ಅಂಟಿಕೊಂಡ ಗೀಳು ಇದು. ನನ್ನಾಕೆ ಇದನ್ನು ಪಾತ್ರೆ ಉರುಳಿದ ಸದ್ದೆನ್ನುತ್ತಾಳೆ. ಆ ವ್ಯಾಜ್ಯ ಇಂದು ಬೇಡ.

ಕಳೆದ ವಾರ ಬಂದ ಫಂಕ್ ಆಲ್ಬಂನಲ್ಲಿ ಡ್ರಮ್ಸ್ ನುಡಿಸಿದವರು ಯಾರೆಂದು ವಿಚಾರಿಸಿದೆ. "ಅದರಲ್ಲಿ ಹಾಕಿಲ್ಲ ಸಾರ್. ಕೇಳಲು ಚೆನ್ನಾಗಿದೆಯಲ್ಲ, ಹೆಸರು ಯಾರಿಗೆ ಬೇಕು?" ಎಂದ. ಈ ಮಾತನ್ನು ಒಪ್ಪಲು ನಾನು ಸಿದ್ಧನಿಲ್ಲ.

ಫಂಕಿನಲ್ಲಿ ಗಾಯಕ ಮುಂದೆ ನಿಂತಿರುತ್ತಾನೆ, ನಿಜ. ಹಾಡನ್ನು ಹೆಗಲ ಮೇಲೆ ಹೊತ್ತವರು ಹಿಂದಿರುತ್ತಾರೆ. 1969ರಲ್ಲಿ ಜೇಮ್ಸ್ ಬ್ರೌನ್ ಅವರ 'ಫಂಕಿ ಡ್ರಮ್ಮರ್' ಧ್ವನಿಮುದ್ರಣದಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಕೆಲವೇ ಕ್ಷಣ ಒಂಟಿಯಾಗಿ ನುಡಿಸಿದರು. ಆ ತುಣುಕನ್ನು ಕತ್ತರಿಸಿಕೊಂಡು ಮುಂದೆ ನೂರಾರು ಹಾಡುಗಳು ಹುಟ್ಟಿದವು. 1989ರ 'ಫೈಟ್ ದ ಪವರ್' ಅವುಗಳಲ್ಲೊಂದು. ಆದರೆ ರಚನೆಕಾರರೆಂದು ದಾಖಲಾದವರು ಬ್ರೌನ್. ನುಡಿಸಿದವರಿಗೆ ಆ ಹಾಡುಗಳಿಂದ ರಾಯಧನ ಬರಲಿಲ್ಲ. 2017ರಲ್ಲಿ ಅವರು ತೀರಿಕೊಂಡರು. ಹಾಡಿನ ಶೀರ್ಷಿಕೆ ಡ್ರಮ್ಮರನನ್ನೇ ಕುರಿತದ್ದು. ಅಲ್ಲಿಯೂ ಅವರ ಹೆಸರಿಲ್ಲವೆಂಬುದನ್ನು ಗಮನಿಸಬೇಕು.

ಫ್ರೀ ಜಾಝಿನಲ್ಲಂತೂ ಹೆಸರು ತಿಳಿಯದೆ ಕೇಳುವುದೇ ಕಷ್ಟ. ಆರ್ನೆಟ್ ಕೋಲ್ಮನ್ 1960ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿದ 'ಫ್ರೀ ಜಾಝ್' ಸುಮಾರು 37 ನಿಮಿಷಗಳ ಒಂದೇ ನುಡಿಸಾಣಿಕೆ. ಎರಡು ತಂಡಗಳು, ಒಟ್ಟು ಎಂಟು ಜನ, ಏಕಕಾಲಕ್ಕೆ. ಎಡಗಡೆಯ ಸ್ಪೀಕರಿನಲ್ಲಿ ಕೋಲ್ಮನ್, ಡಾನ್ ಚೆರಿ, ಸ್ಕಾಟ್ ಲಫಾರೊ, ಬಿಲ್ಲಿ ಹಿಗ್ಗಿನ್ಸ್. ಬಲಗಡೆ ಎರಿಕ್ ಡಾಲ್ಫಿ, ಫ್ರೆಡ್ಡಿ ಹಬರ್ಡ್, ಚಾರ್ಲಿ ಹೇಡನ್, ಎಡ್ ಬ್ಲ್ಯಾಕ್‌ವೆಲ್. ಮೊದಲ ದಿನ ನನಗೂ ಅದು ಸಂತೆಯ ಗದ್ದಲವೇ ಆಗಿತ್ತು. ಅಳಿಯಂದಿರು ಈ ಎಂಟು ಹೆಸರುಗಳನ್ನು ಕಾಗದದ ಮೇಲೆ ಎಡ-ಬಲವಾಗಿ ಬರೆದು ಕೈಗಿತ್ತರು. ನಾಲ್ಕನೆಯ ಸಲ ಕೇಳುವ ಹೊತ್ತಿಗೆ ಬಲಗಡೆ ಗೊಗ್ಗರು ದನಿಯಲ್ಲಿ ತಕರಾರು ತೆಗೆಯುತ್ತಿರುವವರು ಡಾಲ್ಫಿ ಎಂದು ಗುರುತು ಸಿಕ್ಕಿತು. ಜೂನ್ ತಿಂಗಳ ಮೊದಲ ವಾರದಲ್ಲಿ ಹೊಸ ತರಗತಿಯ ಕೂಗಾಟವೂ ಹೀಗೆಯೇ. ಹಾಜರಿ ಕರೆಯುತ್ತ ಹೋದಂತೆ ಕೂಗು ಮುಖಗಳಾಗುತ್ತದೆ.

ಡಬ್ ಇನ್ನೂ ವಿಚಿತ್ರ. ಅಲ್ಲಿ ಮುಖ್ಯ ಕಲಾವಿದ ವಾದ್ಯವನ್ನೇ ಮುಟ್ಟದಿರಬಹುದು. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಆಸ್ಬೋರ್ನ್ ರಡಕ್, ಸಿದ್ಧವಾದ ಹಾಡಿನಿಂದ ದನಿಯನ್ನು ಅಳಿಸಿ, ಡ್ರಮ್ಸ್-ಬೇಸುಗಳನ್ನು ಮುಂದೆ ತಂದು, ಪ್ರತಿಧ್ವನಿ ಬೆರೆಸಿ ಬೇರೆಯೇ ಕೃತಿ ಮಾಡಿದರು. ಅವರೇ ಕಿಂಗ್ ಟಬ್ಬಿ. 1976ರ ಆಲ್ಬಂ ಒಂದರ ಶೀರ್ಷಿಕೆಯಲ್ಲಿಯೇ ಅವರ ಹೆಸರು ಬಂತು. ರಿಪೇರಿಯವನಿಗೆ ಆ ಗೌರವ ಸಂದಿದ್ದರಿಂದ ತಾನೇ ಮಿಶ್ರಣವೂ ಒಂದು ಕಲೆಯೆಂದು ನಾವು ಇಂದು ಮಾತನಾಡುತ್ತಿರುವುದು?

ಮೂರು ಚುಕ್ಕೆ ಒತ್ತಿ ಒಳಗೆ ಹೋದರೆ ಈಗ ಹೆಸರುಗಳು ಸಿಗುತ್ತವೆಯೆಂದು ಶಿಷ್ಯ ವಾದಿಸುತ್ತಾನೆ. ಕೆಲವಕ್ಕೆ ಸಿಗುತ್ತವೆ. ಕೆಲವಕ್ಕೆ ಬರೆದವರ ಮತ್ತು ನಿರ್ಮಾಪಕರ ಹೆಸರು ಮಾತ್ರ. ಬೇಸ್ ನುಡಿಸಿದವರು ಗಾಳಿಗೆ ಹೋದರು. 1963ರಲ್ಲಿ ಧ್ವನಿಮುದ್ರಿತವಾದ ಜಾನ್ ಕೋಲ್ಟ್ರೇನ್ ಅವರ ಆಲ್ಬಂ 2018ರಲ್ಲಿ 'ಹೊಸ ಬಿಡುಗಡೆ'ಯಾಗಿ ಬಂದಾಗ ನಾಲ್ವರು ವಾದಕರ ಹೆಸರನ್ನೂ ಮುದ್ರಿಸಿದ್ದರು. ಪ್ರಸಿದ್ಧರಿಗೆ ಸಿಗುವ ಮರ್ಯಾದೆ ಈ ವಾರ ನುಡಿಸಿದ ಬಡಪಾಯಿಗೆ ಏಕಿಲ್ಲ? ನಮ್ಮ ಆಕಾಶವಾಣಿಯಲ್ಲಿ ಕಚೇರಿಗೆ ಮುನ್ನ ಪಿಟೀಲು ಯಾರು, ಮೃದಂಗ ಯಾರು ಎಂದು ಹೇಳುತ್ತಾರೆ. ಅದಕ್ಕೆ ಅರ್ಧ ನಿಮಿಷವೂ ಬೇಡ.

ನಾನೇನೂ ಸತ್ಯಹರಿಶ್ಚಂದ್ರನಲ್ಲ. ಒಂದು ವರ್ಷ ಶಾಲಾ ವಾರ್ಷಿಕೋತ್ಸವದ ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಮುಖ್ಯ ಅತಿಥಿಗಳನ್ನು, ಹಾಡಿದ ಹುಡುಗಿಯರನ್ನು, ಶಾಮಿಯಾನ ಹಾಕಿದವರನ್ನು ಕೂಡ ನೆನೆದೆ. ಸಂಜೆಯೆಲ್ಲ ತಬಲ ನುಡಿಸಿದ ಹುಡುಗನನ್ನು ಮರೆತೆ. ಅವನು ವೇದಿಕೆಯ ಮೂಲೆಯಲ್ಲಿ ತಬಲಕ್ಕೆ ಬಟ್ಟೆ ಸುತ್ತುತ್ತ ನನ್ನನ್ನೇ ನೋಡುತ್ತಿದ್ದ. ಮರುದಿನ ಹಾಜರಿಯಲ್ಲಿ ಅವನ ಹೆಸರು ಕರೆದಾಗ "ಹಾಜರ್ ಸಾರ್" ಎನ್ನಲಿಲ್ಲ, ಕೈಯನ್ನಷ್ಟೇ ಎತ್ತಿದ. ಕ್ಷಮೆ ಕೇಳುವ ಧೈರ್ಯ ನನಗೆ ಆ ವರ್ಷ ಬರಲಿಲ್ಲ, ಮುಂದೆ ಅವನು ಸಿಗಲಿಲ್ಲ. ಈ ಪುಟವನ್ನು ಓದುತ್ತಿದ್ದರೆ ಅವನಿಗೆ ತಿಳಿಯುತ್ತದೆ.

ಶುಕ್ರವಾರದ ಶಿಷ್ಯನಿಗೆ ಇಷ್ಟೇ ಹೇಳುವುದು. ಮುಂದಿನ ಆಲ್ಬಂ ಕಳುಹಿಸುವಾಗ ನುಡಿಸಿದವರ ಹೆಸರುಗಳನ್ನು ಕೆಳಗೆ ಬರೆದು ಕಳುಹಿಸು. ಸಿಗದಿದ್ದರೆ ಬಿಡುಗಡೆ ಮಾಡಿದ ಸಂಸ್ಥೆಗೆ ಪತ್ರ ಬರೆದು ಕೇಳು. ಬರೆಯಲು ಬಾರದು ಎನ್ನಬೇಡ. ವ್ಯವಹಾರ ಪತ್ರದ ಪಾಠವನ್ನು ನಿನಗೆ ನಾನೇ ಎರಡು ಸಲ ಮಾಡಿದ್ದೇನೆ.