ನಮ್ಮ ಕಾಗದಪತ್ರಗಳು ನೆಟ್ಟಗಿವೆಯೇ?



ಪ್ರತಿ ಸಂಚಿಕೆಯಲ್ಲೂ ಈ ಪುಟದಲ್ಲಿ ಗೊಬ್ಬರ, ಮೈಲುತುತ್ತ, ಕೊಳೆರೋಗ, ಕಾಫಿ ಧಾರಣೆ ಎಂದು ಬರೆಯುತ್ತ ಬಂದಿದ್ದೇನೆ. ಈ ಸಲ ಅವನ್ನೆಲ್ಲ ಬದಿಗಿಟ್ಟು ಬೇರೆ ಮಾತು ಎತ್ತುತ್ತೇನೆ. ತೋಟದಲ್ಲಿ ಬೆಳೆ ಎಷ್ಟೇ ಚೆನ್ನಾಗಿರಲಿ, ಕಾಗದದಲ್ಲಿ ಅದು ನಮ್ಮದಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಈ ವರ್ಷ ನಾನು ಕಣ್ಣಾರೆ ಕಂಡು ಬಂದೆ. ಕಂಡದ್ದು ನಮ್ಮ ಮಲೆನಾಡಿನಲ್ಲಲ್ಲ, ದೂರದ ಕಲಬುರಗಿ ಜಿಲ್ಲೆಯಲ್ಲಿ.

ನನ್ನ ಮಗಳನ್ನು ಸೇಡಂ ಕಡೆಗೆ ಕೊಟ್ಟಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಕಾಫಿ ಕುಯ್ಲು ಮುಗಿದು ಹೂಮಳೆಗೆ ಕಾಯುತ್ತಿದ್ದ ದಿನಗಳಲ್ಲಿ ಒಂದು ವಾರದ ಮಟ್ಟಿಗೆ ಬೀಗರ ಮನೆಗೆ ಹೋಗಿದ್ದೆ. ವಾಡಿ ಜಂಕ್ಷನ್ನಿನಲ್ಲಿ ಇಳಿದು, ಸಿಕಂದರಾಬಾದ್ ದಾರಿಯ ಗಾಡಿ ಹಿಡಿದರೆ ಚಿತ್ತಾಪುರ, ಮಳಖೇಡ ರೋಡ್ ದಾಟಿ ಸೇಡಂ. ನಿಜಾಮರ ಕಾಲದಲ್ಲಿ, 1874ರಲ್ಲಿ ಹಾಕಿದ ದಾರಿ ಅದು. ಅತ್ತ ಶಹಾಬಾದಿನ ಹಾಸುಗಲ್ಲು, ಇತ್ತ ವಾಡಿಯ ಸಿಮೆಂಟು, ನಡುವೆ ಕಣ್ಣು ಹಾಯುವಷ್ಟು ದೂರ ತೊಗರಿ ಕೊಯ್ದ ಕಪ್ಪು ಹೊಲ. ನೆರಳು ಕಂಡವನಿಗೆ ಅಲ್ಲಿನ ಬಿಸಿಲು ಮೊದಲ ದಿನ ಕಷ್ಟವೇ.

ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಬೀಗರು ಹೇಳಿದರು: “ಬೀಗರ, ನಮ್ಮಪ್ಪಾರು ತೀರಿಕೊಂಡು ಹನ್ನೊಂದು ವರ್ಷ ಆತು. ಆದ್ರ ಪಹಣಿದಾಗ ಇನ್ನೂ ಜೀವಂತ ಹಾರ ನೋಡ್ರಿ.”

ನಗುತ್ತಲೇ ಹೇಳಿದರು. ಆದರೆ ಅದು ನಗುವ ಸಂಗತಿಯಾಗಿರಲಿಲ್ಲ. ಎಂಟು ಎಕರೆ ಹೊಲವನ್ನು ಉತ್ತು ಬಿತ್ತುವವರು ಅವರು. ಪಹಣಿಯ ಒಂಬತ್ತನೆಯ ಅಂಕಣದಲ್ಲಿ ಇರುವುದು ತೀರಿಹೋದ ತಂದೆಯ ಹೆಸರು. ಸೊಸೈಟಿಯ ಬಡ್ಡಿಯಿಲ್ಲದ ಬೆಳೆಸಾಲ ಅವರ ಹೆಸರಿಗೆ ಹುಟ್ಟುವುದಿಲ್ಲ, ತೊಗರಿಯ ವಿಮೆಯ ಹಣ ಅವರ ಖಾತೆಗೆ ಬರುವುದಿಲ್ಲ. ಪೌತಿ ಖಾತೆಗೆ ಅರ್ಜಿ ಕೊಟ್ಟರೆ, ಮರಣ ಪತ್ರದಲ್ಲಿರುವ ಹೆಸರಿಗೂ ಪಹಣಿಯ ಹೆಸರಿಗೂ ತಾಳೆ ಇಲ್ಲ ಎಂದು ಅರ್ಜಿ ವಾಪಸು. ಕಂಪ್ಯೂಟರಿಗೆ ಏರಿಸುವಾಗ ಒಂದು ಒತ್ತಕ್ಷರ ಬಿದ್ದುಹೋಗಿತ್ತು, ಅಷ್ಟೇ. ಒಂದು ಒತ್ತಕ್ಷರ ಎಂಟು ಎಕರೆಯನ್ನು ಹಿಡಿದು ನಿಲ್ಲಿಸಿತ್ತು.

ನಾನು ಹೇಗೂ ಓದು ಬರಹ ಬಲ್ಲವನು, ಸಂಘದ ಕಾರ್ಯದರ್ಶಿ ಬೇರೆ. “ನಡೆಯಿರಿ, ನಾಳೆ ನಾನೂ ಬರುತ್ತೇನೆ” ಎಂದೆ. ಮೂರು ದಿನ ಅಲೆದೆವು. ಆ ಭಾಗದ ಯಾವ ಊರಿನ ಯಾವ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರೋ ಒಬ್ಬ ಗುಮಾಸ್ತರ ಮೇಲೆ ದೂರಾಗುತ್ತದೆ. ಆ ಮನುಷ್ಯ ಒಬ್ಬನೇ ಮೂವರ ಕೆಲಸ ಮಾಡುತ್ತಿದ್ದುದನ್ನೂ ನಾನು ನೋಡಿದ್ದೇನೆ. ಮೊದಲ ದಿನ ಸರ್ವರ್ ಇಲ್ಲ. ಎರಡನೆಯ ದಿನ ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ. ಮೂರನೆಯ ದಿನ, “ಹಳೇ ದಾಖಲೆ ತರ್ರಿ, ನೋಡೋಣ” ಎಂದರು.

ಹಳೆಯ ದಾಖಲೆ ಬೀಗರ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಫಸಲಿ 1347ರ ಕಾಗದ. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ. ಅಂದರೆ ಸುಮಾರು 1937. ಪೂರಾ ಉರ್ದು. 1948ರ ಸೆಪ್ಟೆಂಬರ್ ತನಕ ಅದು ನಿಜಾಮರ ಸೀಮೆ, ಕಚೇರಿಯ ಭಾಷೆ ಉರ್ದು. ಕಚೇರಿಯಲ್ಲಿ ಅದನ್ನು ಓದಬಲ್ಲವರು ನಿವೃತ್ತರಾಗಿ ವರ್ಷಗಳಾಗಿದ್ದವು. ಹೊರಗೆ ಬೇವಿನ ಮರದ ಕೆಳಗೆ ಕೂತ ಒಬ್ಬ ವೃದ್ಧರು ಕನ್ನಡಕ ಏರಿಸಿ, ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದರು. ಬೀಗರ ಅಜ್ಜನ ಹೆಸರು, ಹೊಲದ ಚಕ್ಕುಬಂದಿ, ಕಂದಾಯ, ಎಲ್ಲ ಅದರಲ್ಲಿತ್ತು. ಆ ವೃದ್ಧರ ನಂತರ ಅದನ್ನು ಓದುವವರು ಯಾರು ಎಂದು ಯೋಚಿಸಿ ನನಗೆ ನಿಜಕ್ಕೂ ಭಯವಾಯಿತು.

ಇದು ಅವರ ಕಡೆಯ ಕಷ್ಟ, ನಮಗೇನು ಎಂದು ನೀವು ಕೇಳಬಹುದು. 1956ರ ನವೆಂಬರ್ 1ರಂದು ನಮ್ಮ ರಾಜ್ಯ ಒಂದಾದಾಗ ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು, ಹೀಗೆ ಐದು ಕಡೆಯ ಐದು ಬಗೆಯ ದಫ್ತರಗಳು ಒಂದೇ ಚಾವಣಿಯ ಕೆಳಗೆ ಬಂದವು. ಭೂಕಂದಾಯ ಕಾಯಿದೆ 1964ರಲ್ಲಿ ಜಾರಿಗೆ ಬಂದು ಕಾನೂನು ಒಂದಾಯಿತು. ಆದರೆ ಹಳೆಯ ಕಾಗದಗಳು ತಮ್ಮ ತಮ್ಮ ಭಾಷೆಯಲ್ಲೇ ಉಳಿದವು. ಅವರಿಗೆ ಫಸಲಿ ಉರ್ದು ಹೇಗೋ, ದಕ್ಷಿಣ ಕನ್ನಡದ ಸದಸ್ಯರಿಗೆ ಅಡಂಗಲ್ಲು, ಕುಮ್ಕಿ ಹಾಗೆ. ಕೊಡಗಿನವರಿಗೆ ಜಮ್ಮಾ, ಬಾಣೆ ಹಾಗೆ. ನಮ್ಮವರಿಗೆ ಸೊಪ್ಪಿನ ಬೆಟ್ಟ ಹಾಗೆ. ನಮ್ಮ ಮಕ್ಕಳಲ್ಲಿ ಎಷ್ಟು ಜನ ಇವನ್ನು ಓದಿ ಅರ್ಥ ಹೇಳಬಲ್ಲರು?

ಸರ್ಕಾರ ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ ಎರಡು ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಶಾನುಭೋಗರ, ಆಮೇಲೆ ಗ್ರಾಮ ಲೆಕ್ಕಿಗರ ಮನೆ ಬಾಗಿಲಲ್ಲಿ ಕೈಬರಹದ ಪಹಣಿಗಾಗಿ ಕಾಯುತ್ತಿದ್ದ ಕಾಲ ಹೋಯಿತು. ಹದಿನೈದು ರೂಪಾಯಿಗೆ ಕಿಟಕಿಯಲ್ಲಿ ಪಹಣಿ ಸಿಕ್ಕುವಂತಾಯಿತು. 2012ರಲ್ಲಿ ಸಕಾಲ ಬಂತು. ಅದನ್ನು ರಾಜ್ಯಕ್ಕೆಲ್ಲ ವಿಸ್ತರಿಸುವ ಮೊದಲು ಪ್ರಯೋಗಕ್ಕೆಂದು ಆರಿಸಿದ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಬೀದರ ಜಿಲ್ಲೆಯ ಔರಾದ, ಇನ್ನೊಂದು ನಮ್ಮ ಅಡಿಕೆಯ ಪುತ್ತೂರು. ಬಿಸಿಲುಸೀಮೆಗೂ ಮಳೆಸೀಮೆಗೂ ಒಂದೇ ಔಷಧ ಎಂದು ಅಂದೇ ತೀರ್ಮಾನವಾಗಿತ್ತು ಎನ್ನಬಹುದು.

ಬೀಗರ ಸೇಡಂ ತಾಲ್ಲೂಕಿನಲ್ಲೇ ಇನ್ನೊಂದು ದೊಡ್ಡ ಕೆಲಸವೂ ನಡೆಯಿತು. 2023ರ ಜನವರಿ 19ರಂದು, ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ, ಐದು ಜಿಲ್ಲೆಗಳ ತಾಂಡಾ ಮುಂತಾದ ದಾಖಲೆಯಿಲ್ಲದ ವಸತಿಗಳ 52 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಸಮಾರಂಭವನ್ನು ಪ್ರಧಾನ ಮಂತ್ರಿಯವರು ನಡೆಸಿಕೊಟ್ಟರು. ತಲೆಮಾರುಗಳಿಂದ ಮನೆ ಕಟ್ಟಿಕೊಂಡು ಬಾಳಿದವರು ಕಾಗದದ ಲೆಕ್ಕದಲ್ಲಿ ಅಲ್ಲಿಯವರೆಗೆ ಎಲ್ಲಿಯೂ ಇರಲಿಲ್ಲ. ಹಕ್ಕುಪತ್ರ ಎಂದರೆ ಏನು ಎಂಬುದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಏಕೆಂದರೆ ನಮಗೆ ಅದು ಅಜ್ಜನ ಕಾಲದಿಂದ ಕುಳಿತಲ್ಲೇ ಬಂದಿದೆ.

ಹಾಗಾದರೆ ತೊಡಕು ಎಲ್ಲಿದೆ? ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಕಾನೂನು ವಿಧಾನಸೌಧದಲ್ಲಿ ಆಗುತ್ತದೆ, ದಫ್ತರ ಇರುವುದು ಸಣ್ಣ ಊರಿನಲ್ಲಿ. 2017ರ ಮುಂಗಡಪತ್ರದಲ್ಲಿ 49 ಹೊಸ ತಾಲ್ಲೂಕುಗಳ ಘೋಷಣೆಯಾಯಿತು. ಆ ಪಟ್ಟಿಯಲ್ಲಿ ಚಿತ್ತಾಪುರದಿಂದ ಬೇರೆಯಾದ ಶಹಾಬಾದವೂ ಇತ್ತು, ಪುತ್ತೂರಿನಿಂದ ಬೇರೆಯಾದ ಕಡಬವೂ ಇತ್ತು. ತಾಲ್ಲೂಕು ಹತ್ತಿರ ಬಂದದ್ದು ಒಳ್ಳೆಯದೇ. ಆದರೆ ಬೋರ್ಡು ಬಂದಷ್ಟು ಬೇಗ ದಫ್ತರವೂ ಸಿಬ್ಬಂದಿಯೂ ಬರಬೇಕಲ್ಲ? ಕಾಗದ ಹಳೆಯ ತಾಲ್ಲೂಕಿನಲ್ಲಿ, ಅಧಿಕಾರ ಹೊಸ ತಾಲ್ಲೂಕಿನಲ್ಲಿ ಉಳಿದರೆ ರೈತ ಎರಡಕ್ಕೂ ಬಸ್ ಚಾರ್ಜು ಕೊಡಬೇಕು. ಕಲಬುರಗಿ ಸೀಮೆಗೆ 371 ಜೆ ಪ್ರಕಾರ 2013ರಿಂದ ಓದು, ನೌಕರಿಗಳಲ್ಲಿ ಮೀಸಲು ಸಿಕ್ಕಿದೆ. ಅದಕ್ಕೂ ಮೊದಲು ಅರ್ಹತಾ ಪ್ರಮಾಣಪತ್ರ ಬೇಕು. ಆ ಪತ್ರಕ್ಕೆ ಇನ್ನೆಷ್ಟು ಪತ್ರಗಳು ಬೇಕೋ!

ಇಲ್ಲಿಯೇ ಮಧ್ಯವರ್ತಿ ಕಾಲಿಡುತ್ತಾನೆ. “ಐನೂರು ಕೊಟ್ಟರೆ ಮನೆಗೇ ತಂದುಕೊಡುತ್ತಾನೆ, ಒಂದು ದಿನದ ಆಳಿನ ಕೂಲಿ ಎಷ್ಟು ಲೆಕ್ಕ ಹಾಕಿ” ಎಂದು ನಮ್ಮ ಸದಸ್ಯರೊಬ್ಬರು ನನಗೆ ಹೇಳಿದರು. ಲೆಕ್ಕ ತಪ್ಪಿಲ್ಲ. ಕುಯ್ಲಿನ ಹೊತ್ತಿನಲ್ಲಿ ತೋಟ ಬಿಟ್ಟು ಕಚೇರಿಯಲ್ಲಿ ಕೂರುವುದು ಯಾರಿಗೂ ಸುಲಭವಲ್ಲ. ಆದರೆ ಮಧ್ಯವರ್ತಿ ಬರೆದ ಅರ್ಜಿಯಲ್ಲಿ ಏನಿದೆ ಎಂದು ನಮಗೆ ಗೊತ್ತಿರುವುದಿಲ್ಲ, ಅವನು ಇಟ್ಟುಕೊಂಡ ನಮ್ಮ ಕಾಗದದ ಪ್ರತಿ ಎಲ್ಲಿ ಹೋಯಿತು ಎಂದೂ ಗೊತ್ತಿರುವುದಿಲ್ಲ. ಇಂದಿನ ಐನೂರು ಉಳಿಸಿದ ಒಂದು ದಿನ, ನಾಳೆ ದಾವೆಯಾಗಿ ಹತ್ತು ವರ್ಷ ತಿನ್ನಬಹುದು.

ಬೀಗರು ಕಡೆಗೆ ಮಾಡಿದ್ದು ಇಷ್ಟೆ. ಮಧ್ಯವರ್ತಿಯನ್ನು ಬಿಟ್ಟು ತಿದ್ದುಪಡಿಗೆ ಬರಹದಲ್ಲಿ ಅರ್ಜಿ ಕೊಟ್ಟರು, ಸ್ವೀಕೃತಿ ಪತ್ರ ಕೇಳಿ ಪಡೆದರು. ಹಳೆಯ ಕೈಬರಹದ ಪಹಣಿಯ ದೃಢೀಕೃತ ಪ್ರತಿಗಾಗಿ ಮಾಹಿತಿ ಹಕ್ಕಿನ ಕಾಯಿದೆಯಡಿ ಹತ್ತು ರೂಪಾಯಿ ಕಟ್ಟಿ ಇನ್ನೊಂದು ಅರ್ಜಿ ಹಾಕಿದರು. ನಾನು ಊರಿಗೆ ಬಂದ ಮೇಲೆ ಫೋನು ಬಂತು: ಪ್ರತಿ ಸಿಕ್ಕಿತು, ಅದರಲ್ಲಿ ಒತ್ತಕ್ಷರವೂ ಇತ್ತು! ಹೆಸರು ತಿದ್ದಿ ಪೌತಿ ಖಾತೆ ಆಯಿತು. ಅಣ್ಣತಮ್ಮಂದಿರ ಪಾಲಿನ ಪೋಡಿ ಮಾತ್ರ ಈ ಸಾಲು ಬರೆಯುವ ಹೊತ್ತಿಗೂ ಆಗಿಲ್ಲ.

ಇನ್ನು ನನ್ನ ಕಥೆ. ಊರಿಗೆ ಬಂದವನು, ನೋಡೋಣವೆಂದು ನನ್ನದೇ ಪಹಣಿಗಳನ್ನು ತೆಗೆಸಿದೆ. ಮೂರರಲ್ಲಿ ಒಂದು ಸರ್ವೆ ನಂಬರು ಇನ್ನೂ ನನ್ನ ತಂದೆಯವರ ಹೆಸರಿನಲ್ಲಿದೆ. ಹನ್ನೊಂದನೆಯ ಅಂಕಣದಲ್ಲಿ ಎಂದೋ ತೀರಿಸಿದ ಸಾಲದ ಋಣ ಹಾಗೆಯೇ ನಿಂತಿದೆ. ಹನ್ನೆರಡನೆಯ ಅಂಕಣದಲ್ಲಿ ಅಡಿಕೆ ಇದೆ, ಅದರೊಳಗಿನ ಕಾಫಿಯೂ ಮೆಣಸೂ ಇಲ್ಲ. ಸಭೆಯಲ್ಲಿ ನಿಮಗೆಲ್ಲ ಉಪದೇಶ ಹೇಳುವ ಕಾರ್ಯದರ್ಶಿಯ ಮನೆಯ ಸ್ಥಿತಿ ಇದು. ನಾಚಿಕೆಯಾಗಿ ಮರುದಿನವೇ ಅರ್ಜಿ ಹಾಕಿದ್ದೇನೆ. ಅಡಿಕೆ, ಮೆಣಸಿಗೆ ಹವಾಮಾನ ಆಧಾರಿತ ವಿಮೆ ಕಟ್ಟುವವರು ಇದನ್ನು ಲಘುವಾಗಿ ಎಣಿಸಬಾರದು. ಬೆಳೆ ಸಮೀಕ್ಷೆಯಲ್ಲಿ ಒಂದು, ವಿಮೆಯ ಅರ್ಜಿಯಲ್ಲಿ ಇನ್ನೊಂದು ಇದ್ದರೆ ಪರಿಹಾರ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಆದ್ದರಿಂದ ನಾಲ್ಕು ಮಾತು ನೆನಪಿಡಿ. ಮನೆಯಲ್ಲಿ ಸಾವಾದರೆ 21 ದಿನಗಳೊಳಗೆ ನೋಂದಣಿ ಮಾಡಿಸಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಯಾವ ಅರ್ಜಿ ಕೊಟ್ಟರೂ ಸಕಾಲದ ಸಂಖ್ಯೆ ಇರುವ ಸ್ವೀಕೃತಿ ಪಡೆಯದೆ ಕಿಟಕಿ ಬಿಡಬೇಡಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕು ನಿಮಗಿದೆ. ಆಗದು ಎಂದರೆ ಕಾರಣವನ್ನು ಬರಹದಲ್ಲಿ ಕೊಡಿ ಎನ್ನಿ, ಬಾಯಿಮಾತಿನ ಉತ್ತರಕ್ಕೆ ಮೇಲ್ಮನವಿ ಇಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನಗಳಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದಗಳೊಳಗೆ ಬರೆಯಿರಿ. “ನನ್ನ ಕೆಲಸ ಯಾಕೆ ಆಗಿಲ್ಲ” ಎಂದು ಜಗಳವಾಡಬೇಡಿ. “ನನ್ನ ಅರ್ಜಿಯ ಕಡತದ ಪ್ರತಿ ಕೊಡಿ” ಎಂದು ಕೇಳಿ.

ಇಷ್ಟು ಬಿಡಿಬಿಡಿಯಾಗಿ ಮಾಡಿದರೆ ಸಾಲದು ಎಂಬುದು ನನ್ನ ಅಭಿಪ್ರಾಯ. ನಮ್ಮ ಸಂಘದಲ್ಲಿ ತಿಂಗಳಿಗೊಂದು ದಿನ ದಾಖಲೆ ದಿನವೆಂದು ಇಡೋಣ. ಸದಸ್ಯರು ತಮ್ಮ ಪಹಣಿ, ಹಳೆಯ ಕಾಗದ ತರಲಿ. ಓದುಬರಹ ಬಲ್ಲ ಇಬ್ಬರು ಕುಳಿತು ತಪ್ಪು ಗುರುತಿಸಿ ಅರ್ಜಿ ಬರೆದುಕೊಡಲಿ. ಒಂದೇ ಬಗೆಯ ತೊಡಕು ಹತ್ತು ಜನರಿಗಿದ್ದರೆ ಸಂಘದ ಹೆಸರಿನಲ್ಲಿ ತಹಸೀಲ್ದಾರರಿಗೆ ಒಂದೇ ಪತ್ರ ಹೋಗಲಿ. ಒಬ್ಬ ರೈತನಿಗೆ ನಾಳೆ ಬಾ ಎನ್ನುವಷ್ಟು ಸುಲಭವಾಗಿ ಒಂದು ಸಂಘಕ್ಕೆ ಹೇಳಲಾಗುವುದಿಲ್ಲ. ನಮ್ಮ ತೋಟಗಳ ಲೈನು ಮನೆಗಳಲ್ಲಿರುವ, ಉತ್ತರದ ಜಿಲ್ಲೆಗಳಿಂದ ಬಂದ ಕೆಲಸಗಾರರಿಗೂ ಅದೇ ದಿನ ಬಾಗಿಲು ತೆರೆದಿರಲಿ. ಅವರ ಕಾಗದಗಳು ಇರುವ ಊರಿಗೆ ಹೋಗಿ ಬರಲು ಅವರಿಗೆ ಒಂದು ವಾರದ ಕೂಲಿ ಹೋಗುತ್ತದೆ.

ಆಡಳಿತ ಮಂಡಳಿಯಲ್ಲಿ ಈ ಮಾತೆತ್ತಿದಾಗ “ನಮ್ಮ ಸಂಘ ಇರುವುದು ಗೊಬ್ಬರ ಮಾರುವುದಕ್ಕೆ, ಅರ್ಜಿ ಬರೆಯುವುದಕ್ಕಲ್ಲ” ಎಂದು ಒಬ್ಬರು ಹೇಳಿದರು. ಅವರ ಮಾತಿಗೂ ಬೆಲೆಯಿದೆ. ಖರ್ಚಿನ ಲೆಕ್ಕ ನಾನೇ ಬರೆಯುವವನು. ಆದರೆ ಪಹಣಿ ಸರಿಯಿಲ್ಲದ ಸದಸ್ಯನಿಗೆ ಸಾಲವಿಲ್ಲ, ಸಾಲವಿಲ್ಲದವನು ಗೊಬ್ಬರ ಕೊಳ್ಳುವುದಿಲ್ಲ. ಹಾಗಾಗಿ ಈ ವಿಷಯವನ್ನು ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿದ್ದೇನೆ. ಬೇಡವೆನ್ನುವವರೂ ಬಂದು ಬೇಡವೆನ್ನಲಿ. ಬರುವಾಗ ಎಲ್ಲರೂ ತಮ್ಮ ಪಹಣಿಯ ಒಂದು ಪ್ರತಿ ತರಬೇಕೆಂದು ವಿನಂತಿ. ನನ್ನದನ್ನು ನಾನೂ ತರುತ್ತೇನೆ, ತಪ್ಪುಗಳ ಸಮೇತ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ