ಹೊಸ ಪಿಸ್ಟನ್ ಹಾಕುವ ಮೊದಲು ಹಳೆಯದನ್ನು ನೋಡಿ

ಚೈನ್‌ಸಾ ಸೀಜ್ ಆದ ಕೂಡಲೇ ನಾವು ಮಾಡೋ ಮೊದಲ ಕೆಲಸ ಅಂದ್ರೆ ಮೊಬೈಲ್ ತೆಗೆದು ಬೋರ್-ಪಿಸ್ಟನ್ ಕಿಟ್ ಹುಡುಕೋದು. ನಾನೂ ಅದನ್ನೇ ಮಾಡಿದವನು. ಒಂದೇ ಬೇಸಿಗೆಯಲ್ಲಿ ಎರಡು ಕಿಟ್ ಕಳ್ಕೊಂಡ ಮೇಲೆ ಬುದ್ಧಿ ಬಂತು. ಡೂಪ್ಲಿಕೇಟ್ ಮಾಲು ಅಂತ ಕಿಟ್ಟನ್ನು ಬೈಯುವ ಮೊದಲು ಹಳೆ ಪಿಸ್ಟನ್ ಯಾಕೆ ಹಾಳಾಯ್ತು ಅಂತ ನೋಡಬೇಕು.

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಮರಗಸಿ ಹೊತ್ತಿಗೇ ನನ್ನ 58 ಸಿಸಿ ಮೆಷಿನ್ ಹಿಡ್ಕೊಂಡಿತು. ಕಿಟ್ ತರಿಸಿ ಪೇಟೆಯ ಮೆಕ್ಯಾನಿಕ್ ಹತ್ರ ಹಾಕಿಸಿದೆ. ನಾಲ್ಕನೇ ದಿನ ಮತ್ತೆ ಸೀಜ್. ‘ಚೀನಾ ಮಾಲು ಸಾರ್, ಬಾಳಿಕೆ ಇಷ್ಟೇ’ ಅಂದ. ಇನ್ನೊಂದು ತರಿಸಿದೆ, ಅದೂ ವಾರ ದಾಟಲಿಲ್ಲ. ಮಳೆ ಹತ್ತಿರ ಬರ್ತಾ ಇತ್ತು, ಮರ ಹತ್ತುವ ಇಬ್ಬರು ಕೆಲಸವಿಲ್ಲದೆ ಕೂತಿದ್ರು, ಕೂಲಿ ಮಾತ್ರ ನಿಂತಿರಲಿಲ್ಲ. ಆ ಸಂಜೆ ಮೂರೂ ಪಿಸ್ಟನ್ ಜಗಲಿ ಮೇಲೆ ಸಾಲಾಗಿ ಇಟ್ಟು ನೋಡಿದೆ. ಮೂರಕ್ಕೂ ಗೀರು ಬಿದ್ದಿದ್ದು ಒಂದೇ ಕಡೆ, ಸೈಲೆನ್ಸರ್ ಬದಿಯಲ್ಲಿ. ಅದರಲ್ಲಿ ಮೊದಲನೆಯದು ಮೆಷಿನ್ ಜೊತೆಗೇ ಬಂದಿದ್ದ ಕಂಪನಿ ಪಿಸ್ಟನ್!

ಸೈಲೆನ್ಸರ್ ಬದಿ ಗೀರಿದ್ದರೆ ಸಾಮಾನ್ಯವಾಗಿ ಆಯಿಲ್ ಸಾಲದೆ, ಇಲ್ಲವೇ ಪೆಟ್ರೋಲ್ ಕಡಿಮೆ ಗಾಳಿ ಹೆಚ್ಚಾಗಿ ಕಾದು ಹಿಡಿದಿದೆ ಅಂತ ಅರ್ಥ. ಕಾರ್ಬೊರೇಟರ್ ಬದಿ ಮಂಕಾಗಿ ಸವೆದಿದ್ದರೆ ಫಿಲ್ಟರ್ ದಾಟಿ ದೂಳು ಹೋಗಿದೆ. ಸುತ್ತಲೂ ಗೀರಿದ್ದರೆ 2ಟಿ ಆಯಿಲ್ ಬೆರೆಸೋದೇ ಮರೆತಿರಬಹುದು, ಅಥವಾ ಸಿಲಿಂಡರ್ ರೆಕ್ಕೆಗಳ ಮಧ್ಯೆ ಮರದ ಹುಡಿ ಕಟ್ಟಿರಬಹುದು. ನನ್ನ ಮೆಷಿನ್ನಿನಲ್ಲಿ ರೇಸ್ ಬಿಟ್ಟ ಮೇಲೂ ಎಂಜಿನ್ ತಕ್ಷಣ ಇಳಿಯುತ್ತಿರಲಿಲ್ಲ. ಅದೇ ಸುಳಿವು. ಕ್ರ್ಯಾಂಕಿನ ಆಯಿಲ್ ಸೀಲ್ ಗಟ್ಟಿಯಾಗಿ ಅಲ್ಲಿಂದ ಗಾಳಿ ಎಳೀತಾ ಇತ್ತು. ನೂರು ರೂಪಾಯಿಯೂ ಆಗದ ಸೀಲ್ ಎರಡು ಕಿಟ್ ತಿಂದು ಹಾಕಿತ್ತು.

ಈಗ ಬಂಕಿನಲ್ಲಿ ಸಿಗೋದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಅದು ತೇವ ಎಳೆಯುತ್ತೆ, ಹಳೆ ರಬ್ಬರ್ ಪೈಪನ್ನು ಹಾಳು ಮಾಡುತ್ತೆ, ಕಾರ್ಬೊರೇಟರ್ ಹಳೇ ಸೆಟ್ಟಿಂಗ್‌ನಲ್ಲೇ ಇದ್ದರೆ ಎಂಜಿನ್ ಇನ್ನಷ್ಟು ಕಾಯುತ್ತೆ. ಮಳೆಗಾಲವಿಡೀ ಟ್ಯಾಂಕಿನಲ್ಲಿ ಬಿಟ್ಟದ್ದನ್ನಂತೂ ಚೆಲ್ಲಿ. ಆಯಿಲ್ಲನ್ನು ಮುಚ್ಚಳದ ಅಂದಾಜಿನಲ್ಲಿ ಹಾಕಬೇಡಿ. ಮ್ಯಾನ್ಯುಯಲ್‌ನಲ್ಲಿ 50:1 ಅಂದಿದ್ದರೆ ಲೀಟರಿಗೆ 20 ಮಿ.ಲೀ., 25:1 ಅಂದಿದ್ದರೆ 40 ಮಿ.ಲೀ.

ಹಾಗಂತ ಕಿಟ್ಟನ್ನು ಡಬ್ಬದಿಂದ ತೆಗೆದು ಹಾಗೇ ಕೂರಿಸೋದೂ ತಪ್ಪು. 52 ಸಿಸಿ ಅಂತ ಮಾರುವುದರ ಬೋರ್ ಸಾಮಾನ್ಯವಾಗಿ 45 ಮಿ.ಮೀ., 58 ಸಿಸಿಯದ್ದು 45.2. ಕಣ್ಣಿಗೆ ಎರಡೂ ಒಂದೇ, ವರ್ನಿಯರ್‌ನಲ್ಲೇ ಅಳೀಬೇಕು. ಸಿಲಿಂಡರಿನ ಕಿಂಡಿಗಳ ಅಂಚಿಗೆ ಬೆರಳು ಆಡಿಸಿ. ಚೂಪಾಗಿದ್ದರೆ ರಿಂಗ್ ಅಲ್ಲಿ ಸಿಕ್ಕಿ ಮುರಿಯುತ್ತೆ. ಅಂಚನ್ನಷ್ಟೇ ಸಣ್ಣ ಎಮರಿಯಿಂದ ಮೆಲ್ಲಗೆ ತೀಡಿ, ಪೂರ್ತಿ ತೊಳೀರಿ. ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಕಡೆಗಿರಲಿ, ರಿಂಗಿನ ಬಾಯಿ ಅದರ ಗಾಡಿಯಲ್ಲಿರುವ ಪುಟ್ಟ ಪಿನ್ನಿಗೆ ಸರಿಯಾಗಿ ಕೂರಲಿ. ಪಿಸ್ಟನ್ ಪಿನ್ನಿನ ಲಾಕ್ ಹಾಕುವಾಗ ಕ್ರ್ಯಾಂಕಿನ ಬಾಯಿಗೆ ಬಟ್ಟೆ ತುರುಕಿ. ಲಾಕ್ ಒಳಗೆ ಹಾರಿಬಿದ್ದರೆ ಅದನ್ನು ಹುಡುಕೋದೇ ದೊಡ್ಡ ಕೆಲಸ! ಕಿಟ್ ಜೊತೆ ಬರೋ ಲಾಕ್ ಮೇಲೆ ನನಗೆ ನಂಬಿಕೆ ಇಲ್ಲ, ಕಂಪನಿಯದ್ದೇ ಹೊಸದು ಹಾಕ್ತೀನಿ. ಹಳೆಯದನ್ನಂತೂ ಮತ್ತೆ ಹಾಕಲೇಬಾರದು. ಪ್ಲಗ್ ಹಾಕುವ ಮುಂಚೆ ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ ಎಲ್ಲೂ ತಾಗಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ದಿನವಿಡೀ ಮರ ಕೊಯ್ದು ಬದುಕುವವರು ಒರಿಜಿನಲ್ಲೇ ಹಾಕ್ಲಿ, ಅದು ಸರಿ. ವರ್ಷಕ್ಕೆ ಇಪ್ಪತ್ತು ದಿನ ಮೆಷಿನ್ ಹಿಡಿಯುವ ನಮಗೆ ನೋಡಿ ಆರಿಸಿದ ಬೇರೆ ಕಂಪನಿ ಕಿಟ್ ಸಾಕು ಅಂತ ನನ್ನ ಅಭಿಪ್ರಾಯ. ಹಳೆ ಸಿಲಿಂಡರಿನಲ್ಲಿ ಉಗುರಿಗೆ ಸಿಗುವಂಥ ಗೀರು ಇಲ್ಲದಿದ್ದರೆ ಬರೀ ಪಿಸ್ಟನ್, ರಿಂಗ್ ಹಾಕಿದರೂ ಆಗಬಹುದು.

ಸೀಲ್ ಬದಲಿಸಿ ಮೂರನೇ ಕಿಟ್ ನಾನೇ ಕೂರಿಸಿದೆ. ಮೊದಲ ಒಂದೆರಡು ಟ್ಯಾಂಕ್ ಸಣ್ಣ ಕೊಂಬೆಗಳನ್ನಷ್ಟೇ ಕೊಯ್ದೆ, ಬರಿದೇ ಫುಲ್ ರೇಸ್ ಕೊಡಲಿಲ್ಲ. ಎರಡು ಮರಗಸಿ ಮುಗಿದಿದೆ, ಇನ್ನೂ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತೆ. ನೀವು ರಿಪೇರಿಗೆ ಹೊರಗೆ ಕೊಟ್ಟರೂ ಪರವಾಗಿಲ್ಲ, ಹಳೆ ಪಿಸ್ಟನ್ ಮಾತ್ರ ಕೇಳಿ ವಾಪಸ್ ತಗೊಳ್ಳಿ.